ಖುರ್ಚಿ, ಕಂಬಳಿ ಮತ್ತು ಸಂಕೇಶ್ವರದ ಎಂಜಿನಿಯರ್

ಸಂಕೇಶ್ವರದ ಸ್ವಪ್ನಿಲ್ ತಾನು ಎಂಜಿನಿಯರ್ ಎಂದು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಜರೂರೂ ಇರಲಿಲ್ಲ. ಕಿಸೆಯಲ್ಲಿ ಮೂರು ಸ್ಕ್ರೂಡ್ರೈವರ್, ಹೆಗಲಿಗೆ ಕರಿ ಬ್ಯಾಗು, ಮೈಮೇಲೆ ಮಿರಮಿರ ಮಿಂಚುವ ಜಾಕೀಟು. ಕಿವಿಗೆ ಬಿಳಿಯದೇನನ್ನೋ ತುರುಕಿಕೊಂಡು ತನ್ನಷ್ಟಕ್ಕೆ ತಾನು ಮಾತಾಡುತ್ತ ಬೈಕಿನಿಂದ ಇಳಿಯುವ ಮನುಷ್ಯನನ್ನು ಮಮದಾಪುರದ ಜನ ತಾವಾಗಿಯೇ ಎಂಜಿನಿಯರ್ ಸಾಹೇಬ್ರು ಎಂದುಬಿಡುತ್ತಾರೆ. ಮನೆಗೆ ಕಂಪ್ಯೂಟರ್ ಹಾಕಿಸಲು ಅವನನ್ನು ಕರೆಸಿದ್ದ ಮಾಲಿಂಗ ಹಾಗೆ ಅಂದ. ಒಮ್ಮೆ ಅಂದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನ ಕೈಯಲ್ಲಿ ಆಗಲಿಲ್ಲ.

ಮಾಲಿಂಗನ ತಾಯಿ ಸಾವಿತ್ರವ್ವ ಮಾತ್ರ ಏನೂ ಅನ್ನಲಿಲ್ಲ. ಬಾಗಿಲ ಬಳಿ ಕೂತು ಎಲೆಗೆ ಸುಣ್ಣ ಸವರುತ್ತ ನೋಡಿದಳು.

ಮಾಲಿಂಗನ ಹೆಂಡತಿ ದೀಪಾ ಗೋಕಾಕದಲ್ಲಿ ಟೈಪಿಂಗ್ ಕಲಿತವಳು. ಊರಿನ ಲಗ್ನಪತ್ರಿಕೆ, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಅವಳ ಬೆರಳಿನಿಂದಲೇ ಹೊರಬರಬೇಕು. ಅವಳ ಹಳೆಯ ಕಂಪ್ಯೂಟರ್ ದಮ್ಮು ಹತ್ತಿದವರಂತೆ ಏದುಸಿರು ಬಿಡತೊಡಗಿದ್ದರಿಂದ ಹೊಸದು ಬೇಕಾಗಿತ್ತು. ಸ್ವಪ್ನಿಲ್ ಕೊಲ್ಲಾಪುರದಿಂದ ತಂದ ಸಾಮಾನುಗಳನ್ನು ಪಡಸಾಲೆಯ ತುಂಬ ಹರವಿಕೊಂಡು ಮೂರು ತಾಸಿನಲ್ಲಿ ಜೋಡಿಸಿ ನಿಲ್ಲಿಸಿದ. ಕಬ್ಬಿಣದ ಕರಿ ಪೆಟ್ಟಿಗೆ, ಒಂದು ಬದಿಗೆ ಪೂರ್ತಿ ಗಾಜು. ಗಾಜಿನೊಳಗೆ ಕೆಂಪು, ಹಸಿರು, ನೇರಳೆ ದೀಪಗಳು ಗಿರಗಿರ ತಿರುಗುತ್ತಿದ್ದವು.

"ಒಳಗ ದೀಪ ಯಾಕಪಾ ತಮ್ಮಾ?" ಎಂದು ಕೇಳಿದಳು ಸಾವಿತ್ರವ್ವ. "ಅಲ್ಲಿ ಯಾರ ಓದಾಕ ಕುಂತಾರ?"

"ಅದ ಲುಕ್, ಆಯೀ, ಲುಕ್!" ಸ್ವಪ್ನಿಲ್ ಎತ್ತು ಮಾರುವವನು ಎತ್ತಿನ ಬೆನ್ನು ತಟ್ಟುವಂತೆ ಪೆಟ್ಟಿಗೆಯನ್ನು ತಟ್ಟಿದ. "ಮೂಡಲಗ್ಯಾಗ ಹತ್ತ ಮಷಿನ್ ಕುಂಡ್ರಿಸೇನಿ, ಹುಕ್ಕೇರ್ಯಾಗ ಹದಿನಾಕು. ಹೊಳ್ಳಿ ಒಂದ ಫೋನ್ ಬಂದಿಲ್ಲ ನನಗ."

ಫೋನ್ ಬಂದರೂ ಇವನು ಎತ್ತುವ ಪೈಕಿ ಅಲ್ಲ ಎಂದು ಸಾವಿತ್ರವ್ವನಿಗೆ ಆಗಲೇ ಅನಿಸಿತು. ಬಾಯಲ್ಲಿ ಎಲೆ ಇದ್ದುದರಿಂದ ಸುಮ್ಮನಾದಳು.

ಅವನು ಹೋದ ಮೇಲೆ ಪಡಸಾಲೆ ಗುಡಿಸಿದವಳೂ ಅವಳೇ. ಥರ್ಮಾಕೋಲಿನ ಚೂರು, ಪ್ಲಾಸ್ಟಿಕ್ ಚೀಲ, ವೈರಿನ ತುಂಡು. ಅವುಗಳ ನಡುವೆ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ದಪ್ಪ ಹಿತ್ತಾಳೆ ಕಡ್ಡಿಯೊಂದು ಬಿದ್ದಿತ್ತು. ಹಿತ್ತಾಳೆಯನ್ನು ಕಸಕ್ಕೆ ಎಸೆಯುವ ಹೆಂಗಸು ಅವಳಲ್ಲ. ಒರೆಸಿ, ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು.

ಹೊಸ ಕಂಪ್ಯೂಟರಿನ ಮೇಲೆ ಆಗ ಒಂದು ದೊಡ್ಡ ಕೆಲಸ ನಡೆದಿತ್ತು. ಊರಿನ ಶಾಲೆಗೆ ಐವತ್ತು ವರ್ಷ ತುಂಬಿದ ನೆನಪಿಗೆ ಪುಸ್ತಕ ತರುವುದೆಂದು ಹೆಡ್‌ಮಾಸ್ತರ್ ಗುರುಪಾದ ಸರ್ ನಿಶ್ಚಯಿಸಿದ್ದರು. ಟೈಪು ಮಾಡುವುದು ದೀಪಾ. ಆದರೆ ಸರ್ ಒಂದು ಷರತ್ತು ಹಾಕಿದ್ದರು: "ಸಾವಿತ್ರವ್ವಾರು ಓದಿ ಹೂಂ ಅಂದ ಪುಟಾ ಅಷ್ಟ ಗೋಕಾಕಿನ ಪ್ರೆಸ್ಸಿಗೆ ಹೋಗಲಿ."

ಇದಕ್ಕೆ ಕಾರಣವಿತ್ತು. ಸಾವಿತ್ರವ್ವ ಅಕ್ಷರ ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಅದೇ ಶಾಲೆಯ ರಾತ್ರಿ ತರಗತಿಯಲ್ಲಿ, ಅದೇ ಗುರುಪಾದ ಸರ್ ಹತ್ತಿರ. ಹಗಲಿನ ಶಾಲೆ ಅವಳನ್ನು ಯಾವತ್ತೂ ಒಳಗೆ ಕರೆದಿರಲಿಲ್ಲ. ಹುಡುಗಿಯಾಗಿದ್ದಾಗ ಕುರಿಮರಿಗಳನ್ನು ಹೊಡೆದುಕೊಂಡು ಅದರ ಗೋಡೆಯ ಪಕ್ಕ ಹಾದುಹೋಗುತ್ತಿದ್ದಳು, ಅಷ್ಟೆ. ತಡವಾಗಿ ಕಲಿತವರು ಅಕ್ಷರವನ್ನು ನಂಬುವುದಿಲ್ಲ, ಒಂದೊಂದನ್ನೂ ಮುಟ್ಟಿ ನೋಡುತ್ತಾರೆ. ಸಾಲಿನ ಕೆಳಗೆ ಬೆರಳಿಟ್ಟು ಅವಳು ಓದುತ್ತ ಹೋದರೆ ಬಿ.ಎ. ಓದಿದವರ ಕಣ್ಣು ತಪ್ಪಿಸಿ ಬಂದ ತಪ್ಪು ಅವಳ ಬೆರಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಒಟ್ಟು ತೊಂಬತ್ತು ಪುಟ. ದಿನಕ್ಕೆ ಐದಾರು ಪುಟ ಅವಳ ಪಾಲು. ಆ ಹೊತ್ತಿನಲ್ಲಿ ಖುರ್ಚಿ ಅವಳದು. ಮನೆಯಲ್ಲಿ ಅವಳಿಗೆಂದೇ ಇದ್ದ ಮೊದಲನೆಯ ಖುರ್ಚಿ ಅದು.

ಅವಳು ಅದರ ಮೇಲೆ ಬರಿದೆ ಕೂರುತ್ತಿರಲಿಲ್ಲ. ಕುರುಬರ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಕೂರುವವರಿಗೆ, ಬಂದ ಹಿರಿಯರಿಗೆ ಕಂಬಳಿ ಹಾಸಬೇಕು. ಹಾಸದೆ ಕೂಡಿಸಿದರೆ ಲಗೂ ಎದ್ದು ಹೋಗು ಅಂದ ಹಾಗೆ. ಗಂಡ ಬೀರಸಿದ್ದಪ್ಪ ಕುರಿ ಹಿಂದೆ ಕೃಷ್ಣೆಯ ಕಡೆ ಹೋಗುವ ಮುಂಚೆ ಕೊಟ್ಟುಹೋದ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಗಾಲಿಯ ಖುರ್ಚಿಗೆ ಹಾಸಿ, ಕನ್ನಡಕ ಏರಿಸಿ ಕೂರುತ್ತಿದ್ದಳು. ಓದಿ ಮುಗಿದ ಮೇಲೆ ಏಳುವುದೇ ಕಷ್ಟ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಪಕ್ಕದ ಕರಿ ಪೆಟ್ಟಿಗೆಯ ಮೇಲೆ ಕೈ ಊರಿ, ಹೂಂ ಅಂತ ಉಸಿರು ಬಿಟ್ಟು ಏಳುತ್ತಿದ್ದಳು.

ನಾಲ್ಕನೆಯ ದಿನ ಹಾಗೆ ಎದ್ದಾಗ ಪರದೆ ಕರ್ರಗಾಯಿತು. ಪೆಟ್ಟಿಗೆಯೊಳಗಿನ ದೀಪಗಳೂ ಆರಿದವು. ಎರಡು ಉಸಿರಿನಷ್ಟು ಹೊತ್ತು ಬಿಟ್ಟು ಎಲ್ಲವೂ ತಾನಾಗಿಯೇ ಹತ್ತಿ, ಏನೂ ಆಗದವರಂತೆ ಮೊದಲಿನಿಂದ ಶುರುವಾಯಿತು. ದೀಪಾ ಅರ್ಧ ಟೈಪು ಮಾಡಿಟ್ಟ ಪುಟ ಮಾಯ.

ಮರುದಿನ ಎರಡು ಸಲ. ಅದರ ಮರುದಿನ ಇಲ್ಲ. ಆಮೇಲೆ ಒಂದೇ ದಿನ ಮೂರು ಸಲ.

ಸ್ವಪ್ನಿಲ್‌ಗೆ ಫೋನ್ ಹೋಯಿತು. ಏಳು ಸಲ ಹೋದ ಮೇಲೆ ಎತ್ತಿದ. ಬಂದವನು ಖುರ್ಚಿ ನೋಡಿ ಮೂಗು ಮುರಿದ. ಎರಡೇ ಬೆರಳಿನಿಂದ ಕಂಬಳಿಯ ತುದಿ ಹಿಡಿದು, ಸತ್ತ ಇಲಿ ಎತ್ತಿದಂತೆ ಎತ್ತಿ ಮೂಲೆಗೆ ಒಗೆದ.

"ಏನ ಆಯೀ, ಕುರಿ ವಾಸನಿ! ಇಂಥಾ ಮಷಿನ್ ಮುಂದ ಇದನ್ನ ಹಾಸತಾರೇನ?"

ಬರಿ ಖುರ್ಚಿಯ ಮೇಲೆ ಕೂತ. ಪೆಟ್ಟಿಗೆ ಬಿಚ್ಚಿ ಒಳಗಿಂದ ಉದ್ದನೆಯ ಪಟ್ಟಿಯೊಂದನ್ನು ಕಿತ್ತು, ಶಾಲೆಯ ಹುಡುಗರ ರಬ್ಬರಿನಿಂದ ಗಸಗಸ ಉಜ್ಜಿ ಮತ್ತೆ ಸಿಕ್ಕಿಸಿದ. ಎರಡು ತಾಸು ಕಾದ. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಪೆಟ್ಟಿಗೆಯ ಬೆನ್ನು ತಟ್ಟಿ ಎದ್ದು ಹೋದ. ಅವನ ಬೈಕು ಕೌಜಲಗಿ ದಾಟಿತೋ ಇಲ್ಲವೋ, ಸಾವಿತ್ರವ್ವ ಕಂಬಳಿ ಹಾಸಿ ಮೂರು ಪುಟ ಓದಿ ಎದ್ದಳು. ಆರಿತು.

ಎರಡನೆಯ ಸಲ ಬಂದಾಗ ವೈರಸ್ ಅಂದ. ದೀಪಾ ಪುಸ್ತಕದ ಪುಟಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡ ಮೇಲೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ. ಮೂರನೆಯ ಸಲ ನಿಮ್ಮ ಊರಿನ ಕರೆಂಟೇ ಹಲಕಟ್ ಐತಿ ಅಂದ, ಬ್ಯಾಟರಿಯ ಡಬ್ಬಿಯೊಂದನ್ನು ತಂದಿಟ್ಟ. ಮೂರೂ ಸಲ ಬಂದವನೇ ಮೊದಲು ಮಾಡಿದ ಕೆಲಸವೆಂದರೆ ಕಂಬಳಿಯನ್ನು ಎರಡು ಬೆರಳಿನಿಂದ ಎತ್ತಿ ಮೂಲೆಗೆ ಒಗೆದದ್ದು. ಮೂರೂ ಸಲ ಅವನ ಮುಂದೆ ಕಂಪ್ಯೂಟರ್ ಹಸುವಿನಂತೆ ಸುಮ್ಮನಿತ್ತು.

ಕೊನೆಗೆ ಅವನು ಖುರ್ಚಿಯನ್ನು ಅತ್ತಿತ್ತ ತಿರುಗಿಸುತ್ತ ತೀರ್ಪು ಕೊಟ್ಟ.

"ಮಾಲಿಂಗಣ್ಣಾ, ಮಷಿನ್ ಏ ವನ್ ಐತಿ. ನಾ ಕುಂತಾಗ ಬಂದ್ ಆಗೂದಿಲ್ಲ, ದೀಪಾ ವಹಿನಿ ಕುಂತಾಗ ಆಗೂದಿಲ್ಲ. ಯಾರ ಕುಂತಾಗ ಆಕ್ಕೈತಿ, ನೀವ ಹೇಳ್ರಿ."

ಮಾಲಿಂಗ ತಾಯಿಯ ಕಡೆ ನೋಡಿದ.

"ಆಯಿ ಏನೋ ಒತ್ತತಾರ. ವಯಸ್ಸಾದವರ ಕೈ, ನಡಗತೈತಿ, ತಮಗೂ ತಿಳಿಯೂದಿಲ್ಲ. ಕುರಿ ಕಾಯೂದ ಬ್ಯಾರೆ, ಇದ ಬ್ಯಾರೆ. ಯೂಸರ್ ಫಾಲ್ಟ್ ಅಂತೀವಿ ಇದಕ. ಇದಕ ವಾರಂಟಿ ಬರೂದಿಲ್ಲ."

"ನನ್ನ ಕೈ ನಡಗೂದಿಲ್ಲ ತಮ್ಮಾ," ಎಂದು ಸಾವಿತ್ರವ್ವ ಕೈ ಚಾಚಿ ತೋರಿಸಿದಳು. ಅದು ನಡುಗುತ್ತಿರಲಿಲ್ಲ. ಆದರೆ ಯಾರೂ ಆ ಕಡೆ ನೋಡಲಿಲ್ಲ. ಎಂಜಿನಿಯರ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಮಗ ಎಂಜಿನಿಯರನ ಜಿಪ್ಪನ್ನೇ ಭಕ್ತಿಯಿಂದ ನೋಡುತ್ತಿದ್ದ.

ಅವನು ಹೋದ ಮೇಲೆ ಮಾಲಿಂಗ ಹೇಳಿದ: "ಯವ್ವಾ, ನಾಳಿಂದ ನೀ ಆ ಖುರ್ಚಿ ಮ್ಯಾಲ ಕುಂಡ್ರಬ್ಯಾಡ. ಪುಸ್ತಕದ ಕೆಲಸ ಮುಗಿಯೂ ತನಾ ಕಂಪ್ಯೂಟರ್ ಬಾಜೂಕ ಹೋಗೂದ ಬ್ಯಾಡ."

"ಹಂಗಾರ ಓದೂದ ಯಾರು?"

"ದೀಪಾ ಓದತಾಳ."

"ಬರದಾಕಿನ ಓದಿದ್ರ ತನ್ನ ತಪ್ಪ ತನಗ ಕಾಣತೈತೇನೋ?"

"ನಿನಗ ಎಂಜಿನಿಯರ್‌ಗಿಂತ ಹೆಚ್ಚ ತಿಳೀತೈತೇನ?" ಎಂದ ಮಾಲಿಂಗ. ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ ಇನ್ನೊಂದು ಮಾತು ಸೇರಿಸಿದ: "ರವಿವಾರ ಸರ್ ಬರತಾರ. ಅವರಿಗೂ ಹೇಳತೇನಿ. ಸಾಕ ಮಾಡು ಇನ್ನ."

ಅರವತ್ತೊಂದು ಪುಟ ಆಗಿದ್ದವು. ಇಪ್ಪತ್ತೊಂಬತ್ತು ಉಳಿದಿದ್ದವು. ದೀಪಾ ಅತ್ತೆಯ ಮುಖ ನೋಡಲಾರದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಹೋದಳು.

ಸಾವಿತ್ರವ್ವ ಅಳಲಿಲ್ಲ, ಜಗಳವಾಡಲಿಲ್ಲ. ಮರಿ ಕಳೆದರೆ ಕುರುಬನು ಊರೆಲ್ಲ ಕೂಗಾಡುವುದಿಲ್ಲ. ಕೂತು, ಕೊನೆಯ ಸಲ ಎಲ್ಲಿ ಕಂಡಿತ್ತು ಎಂದು ನೆನೆಯುತ್ತಾನೆ. ಅವಳಿಗೆ ನೆನೆಯುವ ತೊಂದರೆಯೂ ಇರಲಿಲ್ಲ, ಬರೆದಿಟ್ಟಿದ್ದಳು. ಕಂಪ್ಯೂಟರ್ ಎರಡನೆಯ ಸಲ ಆರಿದ ದಿನದಿಂದ ರಾತ್ರಿ ತರಗತಿಯ ಹಳೆ ನೋಟ್‌ಬುಕ್ಕಿನ ಖಾಲಿ ಪುಟಗಳಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆಯುತ್ತ ಬಂದಿದ್ದಳು. ಯಾವುದು ಬೇಕು, ಯಾವುದು ಬೇಡ ಗೊತ್ತಿಲ್ಲದ್ದರಿಂದ ಕಂಡದ್ದನ್ನೆಲ್ಲ ಬರೆದಿದ್ದಳು.

'ಮಂಗಳವಾರ. ಹತ್ತೂವರೆ. ಕರೆಂಟು ಇತ್ತು. ಕಬ್ಬಿನ ಟ್ರ್ಯಾಕ್ಟರ್ ಹೋಯಿತು. ಹಸಿರು ಸೀರೆ. ನಾನು ಎದ್ದೆ. ಆರಿತು.'

'ಬುಧವಾರ. ನಾಲ್ಕು ಗಂಟೆ. ದೀಪಾ ಒಲೆ ಮುಂದೆ. ಹಸಿರು ಸೀರೆ. ಎದ್ದೆ. ಆರಿತು.'

'ಗುರುವಾರ. ಇಳಕಲ್ ಸೀರೆ. ಎರಡು ಸಲ ಕೂತೆ, ಎದ್ದೆ. ಆರಲಿಲ್ಲ.'

ಓದುವವಳು ತಪ್ಪು ಹುಡುಕುವವಳೇ ಆದ್ದರಿಂದ ತನ್ನ ಬರಹವನ್ನೂ ಬೆರಳಿಟ್ಟು ಓದಿದಳು. ಕೂತಿದ್ದಾಗ ಒಮ್ಮೆಯೂ ಆರಿಲ್ಲ. ಕೀಲಿ ಒತ್ತಿದಾಗ ಒಮ್ಮೆಯೂ ಆರಿಲ್ಲ. ಪ್ರತಿ ಸಲ ಏಳುವಾಗಲೇ ಆರಿದೆ. 'ಏನೋ ಒತ್ತುತ್ತಾರೆ' ಎಂದ ಮಹಾನುಭಾವ ಮೂರು ಸಲ ಬಂದು ಮೂರು ಸಲವೂ ಒಂದು ಮಾತು ಕೇಳಲಿಲ್ಲ: ಯಾವಾಗ ಆರುತ್ತದೆ, ಆಗ ನೀವು ಏನು ಮಾಡುತ್ತಿದ್ದಿರಿ? ಕುರಿಗೆ ಔಷಧಿ ಕೊಡುವ ಕಾಂಪೌಂಡರ್ ಕೂಡ ಅಷ್ಟು ಕೇಳುತ್ತಾನೆ.

ಶುಕ್ರವಾರ ಬೆಳಗ್ಗೆ ಚಳಿ ಕಡುವಾಗಿತ್ತು. ತುಟಿ ಒಡೆಯುವ ಒಣಗಾಳಿ. ಸಾವಿತ್ರವ್ವ ಹಸಿರು ಸೀರೆಯ ಮೇಲೆ ಹೊದ್ದುಕೊಂಡ ಕಂಬಳಿಯನ್ನು ಎಳೆದು ತೆಗೆದಳು. ಚಟಚಟ ಎಂದಿತು. ಆ ಸೀರೆ ಬೀಗರು ಉಡಿಸಿದ್ದು, ಮೈಮೇಲೆ ನಿಲ್ಲದೆ ಜಾರುವ ಜಾತಿಯದು. ಹಿತ್ತಲ ಬಾಗಿಲ ಕಬ್ಬಿಣದ ಚಿಲಕಕ್ಕೆ ಕೈ ಹಾಕಿದೊಡನೆ ಬೆರಳ ತುದಿಗೆ ಚುರ್ರೆಂದು ಕಡಿಯಿತು.

ಅವಳು ಚಿಲಕ ಹಿಡಿದುಕೊಂಡೇ ನಿಂತಳು.

ಇದೇನು ಹೊಸದಲ್ಲ. ಚಳಿಗಾಲದಲ್ಲಿ ಹಟ್ಟಿಯ ಕತ್ತಲಲ್ಲಿ ಕಂಬಳಿ ಕೊಡವಿದರೆ ನೀಲಿ ಕಿಡಿ ಹಾರುತ್ತವೆ. ಒಬ್ಬರ ಮೂಗಿಗೆ ಒಬ್ಬರು ಬೆರಳು ಮುಟ್ಟಿಸಿ ಚುರ್ರೆನ್ನಿಸುವುದು ಕುರುಬರ ಮಕ್ಕಳ ಆಟ. ಅವಳೂ ಆಡಿದ್ದಳು. ಎಂಜಿನಿಯರ್ ಓದುವ ಪುಸ್ತಕದಲ್ಲಿ ಇದು ಇದೆಯೋ ಇಲ್ಲವೋ, ಇದ್ದರೂ ಆ ಪುಟ ಬಂದ ದಿನ ಇವನು ಶಾಲೆ ತಪ್ಪಿಸಿರಬೇಕು. ಆ ಜಾರುವ ಸೀರೆ ಉಟ್ಟು ಕಂಬಳಿಯ ಮೇಲೆ ಕೂತು, ಮೈ ಉಜ್ಜಿ ಎದ್ದು, ಕಬ್ಬಿಣದ ಪೆಟ್ಟಿಗೆಗೆ ಕೈ ಊರಿದರೆ ಕಿಡಿ ಎಲ್ಲಿಗೆ ಹೋಗಬೇಕು? ಇಳಕಲ್ ಸೀರೆ ಅಷ್ಟು ಕಿಡಿ ಹುಟ್ಟಿಸುವ ಜಾತಿಯದಲ್ಲ, ಅದಕ್ಕೇ ಗುರುವಾರ ಆರಿರಲಿಲ್ಲ.

ಮತ್ತೆ ಅವನ ಮುಂದೆ ಯಾಕೆ ಆರಲಿಲ್ಲ? ಅವಳಿಗೆ ನಗು ಬಂತು. ಬಂದೊಡನೆ ಕಂಬಳಿ ಕಿತ್ತು ಒಗೆದವನು ಅವನೇ ಅಲ್ಲವೆ! ಮೂಗು ಮುರಿಯುವ ಅವಸರದಲ್ಲಿ ಅವನು ಮೂರೂ ಸಲ ರೋಗವನ್ನು ತಾನೇ ಮೂಲೆಗೆ ಒಗೆದು, ರೋಗ ಇಲ್ಲ ಎಂದು ಹೇಳಿ ಹೋಗಿದ್ದ.

"ದೀಪಾ, ಬರ್ರೆಂದ ಬಾ ಇಲ್ಲಿ," ಎಂದು ಕರೆದಳು. "ನಿನ್ನ ಕೆಲಸ ಉಳಿಸಿ ಇಡು. ಕಂಬಳಿ ಹಾಸತೇನಿ, ನೀ ಕುಂಡ್ರು."

"ನಾನ್ಯಾಕ ಅತ್ತೀ? ಚುಚ್ಚತೈತಿ ಅದು."

"ಚುಚ್ಚಲಿ. ಕುಂಡ್ರು."

ದೀಪಾ ಕೂತಳು. ಅತ್ತೆ ಹೇಳಿದಂತೆ ಅತ್ತಿತ್ತ ಹೊರಳಾಡಿದಳು. ಎದ್ದು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. "ಅವ್ವಯ್ಯ!" ಎಂದು ಕೈ ಕಿತ್ತುಕೊಂಡಳು. ಪರದೆ ಕರ್ರಗಾಯಿತು, ದೀಪ ಆರಿದವು, ಮತ್ತೆ ಹತ್ತಿದವು. ಐದು ಸಲ ಮಾಡಿದರು. ನಾಲ್ಕು ಸಲ ಆರಿತು.

ದೀಪಾ ಕಣ್ಣರಳಿಸಿದಳು. "ಅತ್ತೀ! ಹಂಗಾರ ಕಂಬಳಿ ತಗದ್ರ ಮುಗೀತಲ್ಲ! ಇವರಿಗೆ ಫೋನ್ ಮಾಡ್ತೇನಿ."

"ಮಾಡಬ್ಯಾಡ. ಕಂಬಳಿ ತಗದ್ರ ಕುರುಬರ ಮುದುಕಿ ಕಂಬಳಿ ಹಾಸಿ ಮಷಿನ್ ಕೆಡಿಸಿದ್ಲು ಅಂತ ಆಕ್ಕೈತಿ. ಸಂಕೇಶ್ವರದ ತನಾ ಹೇಳಕೋತ ಹೋಗತಾನ ಆ ಎಂಜಿನಿಯರ್. ತಡಿ, ಇನ್ನೊಂದ ನೋಡೂದೈತಿ."

ಅವಳ ತಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ಗ್ರಾಮ ಪಂಚಾಯತಿಯ ಕಂಪ್ಯೂಟರಿನ ಮುಂದೆ ಕೂರುವ ನಾಗರತ್ನಾ ಹೋದ ವಾರವಷ್ಟೆ ಹೇಳಿದ್ದಳು, ಈ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಎದ್ದರೆ ಕಂಪ್ಯೂಟರ್ ಮುಟ್ಟಿದಾಗೆಲ್ಲ ಕೈಗೆ ಕಡಿಯುತ್ತದೆ ಎಂದು. ಅವಳಿಗೂ ಕಡಿಯುತ್ತದೆ. ಆದರೆ ಪಂಚಾಯತಿಯ ಕಂಪ್ಯೂಟರ್ ಆರುವುದಿಲ್ಲ. ಯಾಕೆ?

ಸಾವಿತ್ರವ್ವ ಚಪ್ಪಲಿ ಮೆಟ್ಟಿ ಪಂಚಾಯತಿಗೆ ನಡೆದಳು. ಪೆನ್ಶನ್ನಿನ ಕಾಗದ ಕೇಳುವ ನೆಪ ಮಾಡಿ, ಬೇಕೆಂದೇ ಕನ್ನಡಕದ ಡಬ್ಬಿ ಬೀಳಿಸಿದಳು.

"ಬಿಡ್ರಿ ಆಯೀ, ನಾ ತಗೀತೇನಿ," ಎಂದಳು ನಾಗರತ್ನಾ.

"ನೀ ಸುಮ್ಕ ಕುಂಡ್ರವಾ, ನಿನ್ನ ಸೊಂಟಾ ನನ್ನದಕಿಂತ ಕೆಟ್ಟೈತಿ," ಎಂದು ತಾನೇ ಟೇಬಲ್ಲಿನ ಕೆಳಗೆ ಬಗ್ಗಿದಳು. ಕಂಪ್ಯೂಟರಿನ ವೈರು ಗೋಡೆಯ ತನಕ ಹೋಗಿತ್ತು. ಪಕ್ಕದಲ್ಲಿ ಬಿಚ್ಚಿಟ್ಟ ಅಂಥದೇ ಇನ್ನೊಂದು ವೈರು ಬಿದ್ದಿತ್ತು. ಅದರ ತುದಿಯಲ್ಲಿ ಮೂರು ಪಿನ್ನು. ಎರಡು ಸಣ್ಣವು, ಒಂದು ದಪ್ಪನೆಯದು, ಉದ್ದನೆಯದು, ಹಿತ್ತಾಳೆಯದು.

ಮನೆಗೆ ಬಂದವಳೇ ಪಡಸಾಲೆಯಲ್ಲಿ ಮಂಡಿಯೂರಿದಳು. ಸ್ವಪ್ನಿಲ್ ತಾನೇ ತಂದು ಕೂಡಿಸಿದ್ದ ಬಿಳಿ ಪ್ಲಗ್ ಬೋರ್ಡಿಗೆ ಎರಡೆರಡೇ ತೂತು. ಕಂಪ್ಯೂಟರಿನ ವೈರನ್ನು ದೀಪಾಳಿಂದ ಕೀಳಿಸಿ ನೋಡಿದಳು. ಎರಡು ಪಿನ್ನು, ಮೂರನೆಯದು ಇರಬೇಕಾದಲ್ಲಿ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕರಿ ತಗ್ಗು. ಸಂಚಿ ಬಿಚ್ಚಿ, ಅಡಿಕೆ ಚೂರುಗಳ ನಡುವಿನಿಂದ ಹಿತ್ತಾಳೆ ಕಡ್ಡಿ ತೆಗೆದು ತಗ್ಗಿಗೆ ಹಿಡಿದಳು. ಸರಿಯಾಗಿ ಕೂತಿತು.

ಬೋರ್ಡಿನ ತೂತಿಗೆ ಪಿನ್ನು ಹೊಂದಲಿಲ್ಲ ಎಂದು ಇಕ್ಕಳದಿಂದ ಪಿನ್ನನ್ನೇ ಕಿತ್ತು ಬಿಸಾಕಿದ್ದ ಪುಣ್ಯಾತ್ಮ! ಟೋಪಿ ಹಿಡಿಯದಿದ್ದರೆ ಕಿವಿ ಕೊಯ್ಯುವ ದರ್ಜಿ.

ಮೂರನೆಯ ಪಿನ್ನು ಏನು ಮಾಡುತ್ತದೆ ಎಂಬುದು ಸಾವಿತ್ರವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಗೆ ವೈರಿಂಗ್ ಮಾಡಿಸಿದಾಗ ಮೋಟರ್ ರಿಪೇರಿಯ ಲಕ್ಕಪ್ಪ ಹಿತ್ತಲಲ್ಲಿ ಆಳ ತಗ್ಗು ತೋಡಿ, ಇದ್ದಲಿ, ಉಪ್ಪು ತುಂಬಿ, ಕಬ್ಬಿಣದ ಪೈಪು ಹೂತು, ಅಲ್ಲಿಂದ ದಪ್ಪ ತಂತಿ ಎಳೆದಿದ್ದ. "ಆಯೀ, ಇದ ಅರ್ಥಿಂಗ್. ಎಲ್ಲ ಬೋರ್ಡಿನ ಮೂರನೇ ತೂತು ಇದಕ ಕೂಡತೈತಿ. ತಪ್ಪಿ ಬಂದ ಕರೆಂಟ್ ಎಲ್ಲಾ ಭೂಮಿಗಿ ಹೋಗತೈತಿ. ವಾರಕ್ಕೊಂದ ಕೊಡ ನೀರ ಹಾಕರಿ, ಒಣಗಿಸಬ್ಯಾಡ್ರಿ," ಎಂದು ಹೇಳಿಹೋಗಿದ್ದ. ಎಂಟು ವರ್ಷವಾಯಿತು. ಅವಳು ಒಂದು ಸೋಮವಾರ ತಪ್ಪಿಸಿರಲಿಲ್ಲ. ಎಂಟು ವರ್ಷ ಅವಳು ನೀರು ಹೊಯ್ದು ತಂಪಾಗಿಟ್ಟ ದಾರಿಯನ್ನು ಈ ಲುಕ್ಕಿನ ಮನುಷ್ಯ ಒಂದು ಗಳಿಗೆಯಲ್ಲಿ ಕಡಿದು, ಕಸದಲ್ಲಿ ಒಗೆದು, ಮೇಲೆ ಅವಳ ಕೈ ನಡುಗುತ್ತದೆ ಅಂದಿದ್ದ.

"ಈಗರ ಫೋನ್ ಮಾಡ್ಲೇನ ಅತ್ತೀ?" ದೀಪಾಳ ಕೈ ಫೋನಿನ ಮೇಲೆಯೇ ಇತ್ತು.

"ರವಿವಾರ ತನಾ ತಡಿ. ಸರ್ ಬರತಾರ. ನಿನ್ನ ಗಂಡ ಆ ಎಂಜಿನಿಯರನ್ನೂ ಕರದಾನ."

"ನನಗ ನಗು ತಡಿಯಾಕ ಆಗೂದಿಲ್ಲ."

"ಬಾಯಾಗ ಸೆರಗ ಇಟ್ಟುಕೊ."

ರವಿವಾರ ಗುರುಪಾದ ಸರ್ ಬಂದರು. ಅವರ ಬೆನ್ನಿಗೇ ಸ್ವಪ್ನಿಲ್, ಅದೇ ಮಿಂಚುವ ಜಾಕೀಟು, ಅದಕ್ಕೊಪ್ಪುವ ಜಾರುವ ಪ್ಯಾಂಟು. ಶಾಲೆಗೆ ಹತ್ತು ಕಂಪ್ಯೂಟರ್ ಬೇಕಾಗಿವೆ ಎಂಬ ಸುದ್ದಿ ಅವನ ಕಿವಿಯ ಬಿಳಿ ಬೆಣೆಯನ್ನು ದಾಟಿಯೂ ಒಳಗೆ ಹೋಗಿತ್ತು. ಹಾಗಾಗಿ ಇವತ್ತು ಫೋನ್ ಒಂದೇ ಸಲಕ್ಕೆ ಎತ್ತಿದ್ದ.

ಮಾಲಿಂಗ ಗಂಟಲು ಸರಿಮಾಡಿಕೊಂಡ. "ಸರ, ಒಂದ ಮಾತು. ಇನ್ನ ಮುಂದ ಅವ್ವ ಓದೂದಿಲ್ಲರಿ. ಅಕಿ ಕುಂತ್ರ ಮಷಿನ್ ಬಂದ್ ಆಕ್ಕೈತಿ. ಎಂಜಿನಿಯರ್ ಸಾಹೇಬ್ರು ಚೆಕ್ ಮಾಡಿ ಹೇಳ್ಯಾರ."

ಗುರುಪಾದ ಸರ್ ಸಾವಿತ್ರವ್ವನ ಕಡೆ ತಿರುಗಿದರು. "ಹೌದೇನ್ರಿ ಸಾವಿತ್ರವ್ವಾರ?"

"ಸಾಹೇಬ್ರು ಹೇಳಿದ ಮ್ಯಾಲ ಹೌದ ಇರಬೇಕರಿ ಸರ," ಎಂದಳು ಸಾವಿತ್ರವ್ವ, ಬೆಣ್ಣೆಯಂಥ ದನಿಯಲ್ಲಿ. "ಆದ್ರ ಸಾಹೇಬ್ರು ನಾಕ ಸಲ ಮನೀಗಿ ಬಂದಾರ, ಒಂದ ಸಲಾನೂ ಅವರನ್ನ ನಾವು ಮರ್ಯಾದಿಲೆ ಕುಂಡ್ರಿಸಿಲ್ಲ. ನಿಮ್ಮ ಮುಂದರ ಕೂಡ್ಲಿ." ಎಂದವಳೇ ಕಂಬಳಿ ಕೊಡವಿ ನಾಲ್ಕು ಮಡಿಕೆ ಮಾಡಿ ಖುರ್ಚಿಗೆ ಹಾಸಿದಳು. "ಕೂಡ್ರಿ ಸಾಹೇಬ್ರ."

ಸ್ವಪ್ನಿಲ್‌ನ ಮೂಗು ಮುರಿಯಲು ಹೊರಟಿತು. ಎರಡು ಬೆರಳೂ ಮುಂದೆ ಬಂದವು. ಆದರೆ ಹತ್ತು ಕಂಪ್ಯೂಟರಿನ ಹೆಡ್‌ಮಾಸ್ತರ್ ಎದುರಿಗೆ ನಿಂತು, "ಕೂಡ್ರಿ, ದೊಡ್ಡ ಮರ್ಯಾದಿ ಅದು. ನನಗ ಹಾಸಿದ್ರ ನಾ ಎರಡ ಮಾತಾಡದ ಕೂಡತಿದ್ದೆ," ಅಂದರು. ಬೆರಳು ಹಿಂದೆ ಹೋದವು. ಅವನು ಕಂಬಳಿಯ ಮೇಲೆ ಕೂತ.

ಕೂತವನು ಸುಮ್ಮನೆ ಕೂರುವ ಪೈಕಿಯೂ ಅಲ್ಲ. ಖುರ್ಚಿಯನ್ನು ಎಡಕ್ಕೆ ತಿರುಗಿಸಿ ಸರ್‌ಗೆ ಒಂದು ತೋರಿಸಿದ, ಬಲಕ್ಕೆ ತಿರುಗಿಸಿ ಮಾಲಿಂಗನಿಗೆ ಒಂದು ತೋರಿಸಿದ. ಕಾಲು ತಾಸು ಹೊರಳಾಡುತ್ತ ಮಾತಾಡಿದ. ದೀಪಾ ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೋಡ್ರಿ ಸರ, ಕಲ್ಲ ನಿಂತಂಗ ನಿಂತೈತಿ. ಸಾಲಿಗೂ ಇಂಥಾವ ಕೊಡತೇನಿ!" ಎನ್ನುತ್ತ ಎದ್ದು, ಎತ್ತಿನ ಬೆನ್ನು ತಟ್ಟುವಂತೆ ಪೆಟ್ಟಿಗೆಯನ್ನು ತಟ್ಟಲು ಕೈ ಚಾಚಿದ.

ಕೈ ಇನ್ನೂ ಒಂದು ಕೂದಲೆಳೆ ದೂರವಿತ್ತು. ಚಟ್!

"ಆಯ್ ಗಽ!" ಎಂದು ಎಂಜಿನಿಯರ್ ಹಾರಿದ. ಪರದೆ ಕರ್ರಗಾಯಿತು. ಕೆಂಪು, ಹಸಿರು, ನೇರಳೆ ಎಲ್ಲ ಆರಿದವು. ಆಮೇಲೆ ಕಂಪ್ಯೂಟರ್ ಮೆಲ್ಲಗೆ ಮತ್ತೆ ಮೊದಲಿನಿಂದ ಶುರುವಾಯಿತು.

ಒಲೆಯ ಮನೆಯಿಂದ ದೀಪಾ ಉಸಿರುಗಟ್ಟಿ ಕೆಮ್ಮಿದ್ದು ಕೇಳಿತು.

"ಏನ ಒತ್ತಿದಿ ತಮ್ಮಾ?" ಎಂದು ಕೇಳಿದಳು ಸಾವಿತ್ರವ್ವ. "ಕೈ ಏನರ ನಡಗಿತೇನ?"

ಸ್ವಪ್ನಿಲ್ ಬೆರಳು ಚೀಪುತ್ತ ಕೆಂಪಾದ. "ಅದ... ಅದ ಸ್ಟ್ಯಾಟಿಕ್ ಸರ. ಉಣ್ಣಿ ಕಂಬಳಿ ಹಾಸಿದ್ರ ಹಿಂಗ ಆಕ್ಕೈತಿ. ಬೇಸಿಕ್ ಅದು, ಎಲ್ಲಾರಿಗೂ ಗೊತ್ತಿರೂದ."

"ಗೊತ್ತಿದ್ರ ಮೂರ ಸಲ ಬಂದಾಗ ಯಾಕ ಹೇಳಲಿಲ್ಲ? ರಬ್ಬರ್ ಹಚ್ಚಿ ತಿಕ್ಕಿದಿ, ಎಲ್ಲಾ ಅಳಿಸಿದಿ, ಡಬ್ಬಿ ತಂದಿಟ್ಟಿ. ಗೊತ್ತಿರೂದನ್ನ ಮನ್ಯಾಗ ಬಿಟ್ಟ ಬಂದಿದ್ದೇನ?"

"ತಪ್ಪ ಕಂಬಳಿದ ಐತಿ ಆಯೀ. ಮಷಿನ್ ಏನ ಮಾಡತೈತಿ?"

ಇದೇ ಮಾತಿಗಾಗಿ ಅವಳು ಎರಡು ದಿನ ಕಾದಿದ್ದಳು. ಸಂಚಿಯ ದಾರ ಅವಸರವಿಲ್ಲದೆ ಬಿಚ್ಚಿದಳು. ಎಲೆ ತೆಗೆದಳು, ಸುಣ್ಣದ ಡಬ್ಬಿ ತೆಗೆದಳು, ಕೊನೆಗೆ ಹಿತ್ತಾಳೆ ಕಡ್ಡಿ ತೆಗೆದು ಕೀಬೋರ್ಡಿನ ಪಕ್ಕದಲ್ಲಿ ಇಟ್ಟಳು.

"ಸರ, ನೀವ ನನಗ ಅಕ್ಷರ ಕಲಿಸಿದವರು. ಇದೇನಂತ ಹೇಳ್ರಿ."

ಗುರುಪಾದ ಸರ್ ಕಡ್ಡಿ ಎತ್ತಿ ನೋಡಿದರು. ಬಗ್ಗಿ ಬೋರ್ಡು ನೋಡಿದರು. ವೈರು ಕಿತ್ತು, ಹಲ್ಲು ಬಿದ್ದ ಬಾಯಿಯನ್ನೂ ನೋಡಿದರು. ಅವರ ಮುಖ ಪ್ರಶ್ನೆಪತ್ರಿಕೆ ಬಯಲಾದ ದಿನದಂತೆ ಆಯಿತು.

"ಅರ್ಥ್ ಪಿನ್ ಇದು. ಕಿತ್ತೀರೇನ್ರಿ ನೀವು?"

"ಬೋರ್ಡಿಗಿ ಎರಡ ತೂತ ಇದ್ದುವು ಸರ... ಎಲ್ಲಾರೂ ಹಂಗ ಮಾಡತಾರ..."

"ಹುಕ್ಕೇರ್ಯಾಗ ಹದಿನಾಕಕ್ಕೂ ಹಿಂಗ ಮಾಡೀರೇನ?"

ಸ್ವಪ್ನಿಲ್ ಹುಕ್ಕೇರಿ ಎಂಬ ಊರಿನ ಹೆಸರನ್ನು ಮೊದಲ ಸಲ ಕೇಳಿದವನಂತೆ ನಿಂತ.

"ನಮ್ಮ ಮನ್ಯಾಗ ಅರ್ಥಿಂಗ್ ಐತಿ ತಮ್ಮಾ," ಎಂದಳು ಸಾವಿತ್ರವ್ವ. "ಎಂಟ ವರ್ಷ ನೀರ ಹಾಕೇನಿ ಅದಕ. ನೀ ಹಿತ್ತಲಕ ಬಂದು ನೋಡಲಿಲ್ಲ, ನನ್ನ ಕೇಳಲಿಲ್ಲ. ಕುರಿ ಕಾಯೂದ ಬ್ಯಾರೆ ಇದ ಬ್ಯಾರೆ ಅಂದಿ. ಖರೆ ಐತಿ. ಕುರಿ ಕಾಯಾವ ಕುರಿ ಕಾಲ ಮುರದು ದಡ್ಡಿಯೊಳಗ ತುರುಕೂದಿಲ್ಲ."

ಅವನ ಬ್ಯಾಗಿನಲ್ಲೇ ಮೂರು ಪಿನ್ನಿನ ಹೊಸ ವೈರು ಇತ್ತು. ಇದ್ದದ್ದೇ ಹೊಸ ಮಾನಗೇಡು. ಸರ್ ನಿಂತು ಗೋಡೆಯ ಮೂರು ತೂತಿನ ಬೋರ್ಡಿಗೆ ಅದನ್ನು ಹಾಕಿಸಿದರು. ಸ್ವಪ್ನಿಲ್ ಬ್ಯಾಗು ಹೆಗಲಿಗೇರಿಸಿದ.

"ಎಲ್ಲಿಗಿ ಹೊಂಟಿ?" ಎಂದಳು ಸಾವಿತ್ರವ್ವ. "ಪರೀಕ್ಷಾ ಆಗಬೇಕಲ್ಲ. ಕುಂಡ್ರು."

"ಆಯೀ..."

"ಕುಂಡ್ರು. ಹೊರಳಾಡು. ಏಳು. ಮುಟ್ಟು."

ಹನ್ನೊಂದು ಸಲ ಕೂಡಿಸಿದಳು, ಹನ್ನೊಂದು ಸಲ ಎಬ್ಬಿಸಿದಳು. ಒಂದೊಂದು ಸಲಕ್ಕೂ ನೋಟ್‌ಬುಕ್ಕಿನಲ್ಲಿ ಗೀಟು ಎಳೆದಳು. ಎಂಟು ಸಲ ಎಂಜಿನಿಯರನ ಬೆರಳಿಗೆ ಚುರ್ರೆಂದಿತು. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಲಕ್ಕಪ್ಪನ ಉಪ್ಪು, ಇದ್ದಲಿ, ಅವಳ ಕೊಡದ ನೀರು ತಮ್ಮ ಕೆಲಸ ಮಾಡಿದವು.

ದೀಪಾ ಚಹಾ ತಂದಳು. "ಕೂತ ಕುಡಿರಿ ಅಣ್ಣಾರ," ಎಂದು ಕಂಬಳಿಯ ಕಡೆ ಕೈ ತೋರಿಸಿದಳು. ಸ್ವಪ್ನಿಲ್ ಗೋಡೆಗೆ ಆನಿಕೊಂಡು, ಕಬ್ಬಿಣದ್ದೇನೂ ಮೈಗೆ ತಾಗದಂತೆ ನೋಡಿಕೊಂಡು, ನಿಂತೇ ಕುಡಿದ. ಶಾಲೆಯ ಹತ್ತು ಕಂಪ್ಯೂಟರಿನ ಮಾತನ್ನು ಅವನೂ ತೆಗೆಯಲಿಲ್ಲ, ಸರ್ ಅಂತೂ ತೆಗೆಯಲೇ ಇಲ್ಲ.

ಮಾಲಿಂಗ ಅಷ್ಟು ಹೊತ್ತೂ ಕಂಬದಂತೆ ನಿಂತಿದ್ದ. ಈಗ ಏನಾದರೂ ಮಾಡಬೇಕು ಅನಿಸಿ, ಮುದ್ದೆಯಾಗಿದ್ದ ಕಂಬಳಿಯನ್ನು ಎತ್ತಿ ಕೊಡವಿ, ಸರಿಯಾಗಿ ಮಡಿಚಿ ಹಾಸಿದ. "ಕುಂಡ್ರ ಯವ್ವಾ," ಎಂದ, ನೆಲ ನೋಡುತ್ತ.

"ಎಂಜಿನಿಯರ್ ಸಾಹೇಬ್ರ ಪರವಾನಗಿ ಕೇಳಿದೇನ?"

ಅವನು ಖುರ್ಚಿಯನ್ನು ಅವಳ ಕಡೆ ತಿರುಗಿಸಿ ಹಿಡಿದ. ಅವಳು ಮುಂದೆ ಕೆಣಕಲಿಲ್ಲ; ಮಗನಿಗೆ ಅಷ್ಟು ಸಾಕು. ಕನ್ನಡಕ ಏರಿಸಿ ಕೂತಳು. ದೀಪಾ ಅರವತ್ತೆರಡನೆಯ ಪುಟ ತೆರೆದಳು. ಸಾವಿತ್ರವ್ವ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಬೆರಳು ನಡುಗಲಿಲ್ಲ.

ಹೊಸ್ತಿಲ ತನಕ ಹೋದ ಸ್ವಪ್ನಿಲ್ ತಿರುಗಿ ಬಂದು, ಸರ್‌ಗೆ ಕೇಳದಂತೆ ಕುಗ್ಗಿದ ದನಿಯಲ್ಲಿ ಅಂದ: "ಆಯೀ, ಆ ಪಿನ್ ಕೊಡ್ರಿ. ಇನ್ನೇನ ಉಪಯೋಗ ಇಲ್ಲ ಅದರದು. ನಾನ ಒಗದ ಹೊಕ್ಕೇನಿ."

ಸಾವಿತ್ರವ್ವ ಪರದೆಯಿಂದ ಕಣ್ಣು ತೆಗೆಯದೆ ಇನ್ನೊಂದು ಕೈಯಿಂದ ಹಿತ್ತಾಳೆ ಕಡ್ಡಿಯನ್ನು ಸಂಚಿಗೆ ಹಾಕಿ ದಾರ ಎಳೆದಳು.

"ಒಂದ ಸಲ ಒಗದೀಯಲ್ಲ, ಸಾಕ ಹೋಗು."